ಹಿಂದಿನ ಸೀಟಿನ ನಿದ್ದೆ

ವಾಗೀಶನಿಗೆ ಅಂದು ಮುಂಜಾನೆಯಿಂದಲೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ...

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಆತನಿಗೆ ವ್ಯಾಪಾರ ಹೊಟ್ಟೆಪಾಡು, ಕಾರು ಪ್ರಾಣ. ಊರಿನ ಕಾರುಪ್ರಿಯರ ವಾಟ್ಸಾಪ್ ಗ್ರೂಪಿಗೆ ಆತನೇ ಅಡ್ಮಿನ್.

ಸಾಮಾನ್ಯರ ಕೈಗೆಟಕುವ ಎಲೆಕ್ಟ್ರಿಕ್ ಕಾರೊಂದನ್ನು ಸಿದ್ಧಪಡಿಸುತ್ತಿದ್ದ ಕಂಪನಿಯೊಂದು, ವಿನ್ಯಾಸ ಅಂತಿಮಗೊಳ್ಳುವ ಮುನ್ನ ಇಂಥ ಗ್ರೂಪುಗಳ ಅಭಿಪ್ರಾಯವನ್ನು ಕೇಳಿತ್ತು. ಅಂದು ಸಂಜೆ ಫೋನಿನಲ್ಲೇ ಮೀಟಿಂಗ್. ಗ್ರೂಪಿನ ಪರವಾಗಿ ಮಾತನಾಡಬೇಕಾದವನು ವಾಗೀಶ.

ಪ್ರಶ್ನೆ ಒಂದೇ... ಬೆಲೆ ಏರಬಾರದೆಂದರೆ ಎರಡರಲ್ಲಿ ಒಂದನ್ನು ಕೈಬಿಡಬೇಕು. ಮುಂದೆ ದೊಡ್ಡ ಟಚ್ ಸ್ಕ್ರೀನ್, ಇಲ್ಲವೇ ಹಿಂದೆ ಎತ್ತರದ ಸೀಟು ಮತ್ತು ಪೂರ್ತಿ ಕೆಳಗಿಳಿಯುವ ಕಿಟಕಿ ಗಾಜು.

ಗ್ರೂಪಿನಲ್ಲಿ ವಾರದಿಂದ ಇದೇ ಕಾಳಗ.

"ಸ್ಕ್ರೀನ್ ಇಲ್ಲದ ಕಾರು ಅಂದ್ರೆ ಮೂಗಿಲ್ಲದ ಮುಖ" ಎಂದ ಒಬ್ಬ.

"ಹಿಂದಿನ ಸೀಟಿನ ಚಿಂತೆ ಯಾಕ್ರೀ? ಅಲ್ಲಿ ಕೂರೋದು ಅತ್ತೆ, ಅವ್ವ, ಅಕ್ಕಿ ಚೀಲ" ಎಂದ ಇನ್ನೊಬ್ಬ.

ಎಲ್ಲರ ಬಾಯಿ ಮುಚ್ಚಿಸಿದ್ದು ವಾಗೀಶನ ಮಾತು. "ನಮ್ಮವ್ವನ್ನ ನೋಡ್ರಿ... ಹಿಂದೆ ಕುಂತ್ರೆ ಊರು ದಾಟೋದ್ರೊಳಗೆ ನಿದ್ದಿ. ಸೀಟು ಸರಿ ಇಲ್ದಿದ್ರೆ ನಿದ್ದಿ ಬರ್ತಿತ್ತೇನ್ರಿ?"

ಸ್ಕ್ರೀನೇ ಗೆದ್ದಿತು.

ಆದರೆ ಮೀಟಿಂಗಿನ ದಿನವೇ ಆತ ತಾಯಿ ಹಾಲಮ್ಮನನ್ನು ಚನ್ನಗಿರಿಯ ಚಿಕ್ಕಮ್ಮನ ಮನೆಗೆ ಕರೆದೊಯ್ಯಬೇಕಿತ್ತು. ತಿಂಗಳಿಗೊಮ್ಮೆ ತಪ್ಪದ ಪ್ರಯಾಣವದು. ಮೀಟಿಂಗ್ ದಾರಿಯಲ್ಲೇ ಬರುವುದರಿಂದ ಗೆಳೆಯ ಬಕ್ಕೇಶನ ಕೈಗೆ ಸ್ಟೀರಿಂಗ್ ಕೊಟ್ಟ.

ಮುಂದೆ ಕುಳಿತರೆ ಬಿಸಿಲು ಫೋನಿನ ಮೇಲೆ ಬಿದ್ದು ಏನೂ ಕಾಣದು... ಹೀಗಾಗಿ, ಕಾರು ಕೊಂಡ ಇಷ್ಟು ವರ್ಷಗಳಲ್ಲಿ ಮೊಟ್ಟಮೊದಲ ಬಾರಿಗೆ, ವಾಗೀಶ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕ ಕುಳಿತ.

ಊರು ದಾಟಿತು. ಹಾಲಮ್ಮ ಎಂದಿನಂತೆ ಕಣ್ಣು ಮುಚ್ಚಿದಳು.

ವಾಗೀಶ ಭಾಷಣ ಟೈಪ್ ಮಾಡತೊಡಗಿದ... ಒಂದು ಸಾಲು ಬರೆದ, ಅಳಿಸಿದ. ಮತ್ತೆ ಬರೆದ.

ಸೀಟು ತಗ್ಗು; ಮೊಣಕಾಲು ಎದೆಗೆ ಬರುತ್ತಿತ್ತು. ಮುಂದಿನ ಸೀಟಿನ ಬೆನ್ನು ಗೋಡೆಯಂತೆ ನಿಂತು ರಸ್ತೆಯನ್ನೇ ಮರೆಮಾಡಿತ್ತು. ಯಾವಾಗ ತಿರುವು, ಯಾವಾಗ ರಸ್ತೆಯುಬ್ಬು... ಒಂದೂ ತಿಳಿಯದು.

ಅಕ್ಷರಗಳು ತೇಲಾಡಿದವು. ಹಣೆಯ ಮೇಲೆ ತಣ್ಣನೆಯ ಬೆವರು. ಗಾಳಿಗಾಗಿ ಗುಂಡಿ ಒತ್ತಿದ... ಗಾಜು ಅರ್ಧಕ್ಕಿಳಿದು ನಿಂತುಬಿಟ್ಟಿತು.

"ಬಕ್ಕೇಶ... ನಿಲ್ಸೋ..."

ರಸ್ತೆಯಂಚಿನಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದವನ ಬೆನ್ನನ್ನು ಒಂದು ಕೈ ಸವರಿತು. ಮೂಗಿನ ಬಳಿ ನಿಂಬೆಹಣ್ಣಿನ ವಾಸನೆ.

ತಿರುಗಿ ನೋಡಿದರೆ ಹಾಲಮ್ಮ. ಸೆರಗಿನ ಗಂಟಿನಲ್ಲಿದ್ದ ನಿಂಬೆಹಣ್ಣು ಅವಳ ಅಂಗೈಯಲ್ಲಿತ್ತು. ಉಗುರಿನಿಂದ ಚುಚ್ಚಿ ಚುಚ್ಚಿ ಅದರ ಸಿಪ್ಪೆಯೆಲ್ಲ ಗಾಯವಾಗಿತ್ತು.

"ಮೂಸು... ಸಮಾಧಾನ ಆಗ್ತತಿ."

"ನೀನು ನಿದ್ದಿ ಮಾಡ್ತಿರ್ಲಿಲ್ಲೇನವ್ವ?"

"ನಿದ್ದಿ ಎಲ್ಲಿಂದ ಬರ್ತತಪ್ಪ... ಕಣ್ಣು ಬಿಟ್ರೆ ಹೊಟ್ಟೆ ತೊಳಸ್ತತಿ. ಮುಚ್ಚಿಕೊಂಡ್ರೆ ಹೆಂಗೋ ತಡಕೊಂಡು ಕೂರಬಹುದು."

"ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

ಹಾಲಮ್ಮ ಸೆರಗಿನಿಂದ ಮಗನ ಬಾಯಿ ಒರೆಸಿದಳು. "ನೀನು ಕಂಡೋರಿಗೆಲ್ಲ ನನ್ ಕಾರು, ನನ್ ಕಾರು ಅಂತಿದ್ದೆ. ಅದರಾಗೆ ಕುಂತ್ರೆ ನನಗೆ ವಾಂತಿ ಬರ್ತತಿ ಅಂತ ಯಾವ ಬಾಯಿಲೆ ಹೇಳ್ಲಿ ಮಗಾ?"

ವಾಗೀಶ ಅವಳ ಅಂಗೈಯ ನಿಂಬೆಹಣ್ಣನ್ನು ತೆಗೆದುಕೊಂಡು ಮೂಸಿದ...

ಅಷ್ಟರಲ್ಲಿ ಫೋನ್ ರಿಂಗಣಿಸಿತು. ಮೀಟಿಂಗ್. ಕಂಪನಿಯ ವಿನ್ಯಾಸಗಾರ್ತಿ, ಅವಳೊಡನೆ ಗ್ರೂಪಿನ ಮಂದಿಯೆಲ್ಲ ಕಾಯುತ್ತಿದ್ದರು.

"ಹೇಳಿ ಸರ್, ನಿಮ್ಮ ಗ್ರೂಪಿನ ಆಯ್ಕೆ ಯಾವುದು?"

ಒಂದು ಕಡೆ ಅಡ್ಮಿನ್ನಿನ ಮರ್ಯಾದೆ... ಇನ್ನೊಂದು ಕಡೆ, ಮೈಲಿಗಲ್ಲಿಗೆ ಒರಗಿ ನೀರು ಗುಟುಕರಿಸುತ್ತಿದ್ದ ತಾಯಿ.

"ಮೇಡಂ, ಗ್ರೂಪು ಆರಿಸಿದ್ದು ಸ್ಕ್ರೀನು. ಆದರೆ ಆ ವಾದ ಗೆದ್ದದ್ದು ನನ್ನ ಮಾತಿನಿಂದ, ಆ ಮಾತು ಸುಳ್ಳು ಅಂತ ಈಗ ತಿಳೀತು. ನನ್ನ ಮತ ಹಿಂದಿನ ಸೀಟಿಗೆ."

"ಏನ್ ವಾಗೀಶಣ್ಣ, ಅವ್ವ ಕಿವಿ ಹಿಂಡಿದ್ರಾ?" ಎಂದು ಯಾರೋ ಕಿಚಾಯಿಸಿದರು. ನಗು ಹಬ್ಬಿತು.

"ಹಿಂಡಿದ್ರೆ ಎಷ್ಟೋ ಚೆನ್ನಾಗಿತ್ತಪ್ಪ..." ಎಂದ ವಾಗೀಶ. "ಒಂದು ಮಾತು ಕೇಳ್ತೀನಿ. ಸ್ವಂತ ಕಾರಿನ ಹಿಂದಿನ ಸೀಟಿನಾಗೆ ಕುಂತು ಊರಿಂದ ಊರಿಗೆ ಹೋದೋರು ನಮ್ಮಲ್ಲಿ ಯಾರಿದೀರಿ?"

ಅಕ್ಕಿ ಚೀಲದ ಹಾಸ್ಯ ಮಾಡಿದವನೇ ಮೆಲ್ಲಗೆ ಹೇಳಿದ, "ನಮ್ಮತ್ತೀನೂ ಕಣ್ಣು ಮುಚ್ಚೇ ಕೂರ್ತಾರೆ ಅಣ್ಣ..."

ವಿನ್ಯಾಸಗಾರ್ತಿ ಮಾತು ಕೊಡಲಿಲ್ಲ. "ಇದನ್ನು ನಮ್ಮ ತಂಡದ ಮುಂದೆ ಇಡುತ್ತೇನೆ" ಎಂದಷ್ಟೇ ಹೇಳಿದಳು. ಆ ಕಾರು ಹೇಗೆ ಬರುವುದೋ, ಬಲ್ಲವರಾರು?

ಕಾರು ಮತ್ತೆ ಹೊರಟಿತು. ಹಾಲಮ್ಮ ಬೇಡವೆಂದರೂ ಕೇಳದೆ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಗಾಜನ್ನು ಪೂರ್ತಿ ಇಳಿಸಿ, ವಾಗೀಶ ತಾನು ಹಿಂದೆ ಕುಳಿತ.

ಒಂದೆರಡು ತಿರುವು ಕಳೆದಿರಬೇಕು... ಹಾಲಮ್ಮ ಥಟ್ಟನೆ ಮುಂದಕ್ಕೆ ಬಾಗಿದಳು.

"ಅಯ್ಯ ಬಕ್ಕೇಶಿ... ಎಷ್ಟ್ ದೊಡ್ಡ ಕೆರೆಯೋ ಇದು! ಯಾವಾಗ ಕಟ್ಟಿಸಿದ್ರು?"

ಬಕ್ಕೇಶ ನಕ್ಕ. "ಅಮ್ಮಾರೇ, ನಮ್ಮ ಮುತ್ತಜ್ಜನ ಕಾಲದಿಂದ್ಲೂ ಇಲ್ಲೇ ಐತಿ."

ತಿಂಗಳು ತಿಂಗಳೂ ಇದೇ ದಾರಿಯಲ್ಲಿ ತಾಯಿಯನ್ನು ಕರೆತಂದ ಮಗ, ಹಿಂದಿನ ಸೀಟಿನಲ್ಲಿ ಮುಖ ತಿರುಗಿಸಿ ಕಣ್ಣೊರೆಸಿಕೊಂಡ...

ನಾವು ನಡೆಸುವ ದಾರಿ ಸುಖವಾಗಿದೆಯೇ ಎಂದು ಹೇಳಬಲ್ಲವರು, ನಮ್ಮ ಬೆನ್ನ ಹಿಂದೆ ಮೌನವಾಗಿ ಕುಳಿತವರು ಮಾತ್ರ.

"ಅವರಿಗೇನು, ಹಾಯಾಗಿದ್ದಾರೆ" ಎಂದು ನೀವು ನೆಮ್ಮದಿಯಿಂದ ಹೇಳುತ್ತೀರಲ್ಲ... ಅವರ ಜಾಗದಲ್ಲಿ ಒಮ್ಮೆಯಾದರೂ ಕುಳಿತು ನೋಡಿದ್ದೀರಾ?