ಅಕ್ಕಿಕಾಳಿನ ಪರೀಕ್ಷೆ

ನೀಲಿ ದೀಪ ಮಿನುಗುವ ಕಂಪ್ಯೂಟರನ್ನು ಕಂಡ ಕೂಡಲೇ ಶಿವಾನಂದ ಮೆಚ್ಚಿದ. ಕುಮುದಾಳಿಗೆ ಅಷ್ಟೇ ಬೇಗ ಅದರ ಮೇಲೆ ಅನುಮಾನ ಬಂತು. ಸಿಕಂದರಾಬಾದಿನ ಆ ಅಂಗಡಿಯಲ್ಲಿ ಕೊರಳಿಗೆ ಕಂಪನಿಯ ಪಟ್ಟಿ ನೇತುಹಾಕಿಕೊಂಡ ಹುಡುಗರು ಕಂಪ್ಯೂಟರ್ ಗೇಮ್ ಆಡಲು ಗ್ರಾಫಿಕ್ಸ್ ಕಾರ್ಡು ಆರಿಸುತ್ತಿದ್ದರು. ಈ ಗಂಡಹೆಂಡತಿ ಬಂದದ್ದು ಮದುವೆಯ ವಿಡಿಯೊ ಮಿಕ್ಸಿಂಗಿಗೆ ಒಂದು ಯಂತ್ರ ಹುಡುಕಿಕೊಂಡು. ಕುಷಾಯಿಗೂಡದ ಅವರ ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿಯುವವನು ಅವನು. ತೆಗೆದದ್ದನ್ನು ಕತ್ತರಿಸಿ, ಕೂಡಿಸಿ, ಹಾಡು ಹಚ್ಚಿ ಡಿವಿಡಿ ಮಾಡಿಕೊಡುವವಳು ಅವಳು. ಹಳೆಯ ಕಂಪ್ಯೂಟರು ಹಿಂದಿನ ವಾರ ಯಾರದೋ ಮದುಮಗನನ್ನು ಕುದುರೆಯ ಮೇಲೆಯೇ ನಿಲ್ಲಿಸಿ ಪ್ರಾಣ ಬಿಟ್ಟಿತ್ತು. ಅವನನ್ನು ಯಾವಾಗ ಕೆಳಗಿಳಿಸುತ್ತೀರಿ ಎಂದು ಬೀಗರು ದಿನಾ ಫೋನು ಮಾಡುತ್ತಿದ್ದರು.

“ಈ ಗ್ರಾಫಿಕ್ಸ್ ಕಾರ್ಡ್ ನೋಡು, ಎಷ್ಟ ದೊಡ್ಡದೈತಿ! ಅದಕ್ಕಂತ ಬ್ಯಾರೆ ಫ್ಯಾನು ಸೈತ ಐತಿ,” ಎಂದ ಶಿವಾನಂದ.

“ಫ್ಯಾನು ಮನ್ಯಾಗೂ ಐತಿ. ಚಿತ್ರ ನಿಲ್ಲದಂಗ ಓಡ್ತೈತೇನು, ಅದನ್ನ ಕೇಳ್ರಿ.”

ಅಂಗಡಿಯ ಮೊಯಿನ್‌ಗೆ ಬೀದರಿನ ಅಜ್ಜಿಯಿಂದ ಬಂದ ಕನ್ನಡವಿತ್ತು. “ಓಡೋದೇನ್ರಿ ಮೇಡಂ, ಏಕ್‌ದಮ್ ಹಾರ್ತದ!”

“ಹಾರೋದು ಬ್ಯಾಡ್ರಿ. ಇದನ್ನ ಹಚ್ಚಿ ತೋರಸ್ರಿ,” ಎಂದು ಕುಮುದಾ ಚೀಲದಿಂದ ಕ್ಯಾಮೆರಾ, ಕೇಬಲ್ಲು, ಒಂದು ಪುಟ್ಟ ಟೇಪು ತೆಗೆದಳು. ಕಂಪ್ಯೂಟರಿನ ಬೆವರಿಳಿಸುವುದು ಅಕ್ಷತೆ ಎಂಬುದು ಅವಳ ಅನುಭವ. ಜನ ಸುಮ್ಮನೆ ಕೂತಿರುವಾಗ ಎಂಥ ಯಂತ್ರವಾದರೂ ಜಾಣನಂತಿರುತ್ತದೆ. ರಾಶಿ ಕಾಳು ಒಮ್ಮೆಗೇ ಗಾಳಿಗೆ ಎದ್ದಾಗ ಚಿತ್ರವೆಲ್ಲ ಚೌಕ ಚೌಕವಾಗಿ ಒಡೆದು, ನಡುನಡುವೆ ಮಾಯವೇ ಆಗಿಬಿಡುತ್ತದೆ. ಅದಕ್ಕೇ ಅಕ್ಷತೆ ಭರ್ಜರಿಯಾಗಿ ಬಿದ್ದ ಮದುವೆಯನ್ನೇ ಹುಡುಕಿ ತಂದಿದ್ದಳು. ಸಿಂಧನೂರಿನ ಭತ್ತದ ಸೀಮೆಯ ಮದುವೆ. ಅಲ್ಲಿ ಯಾರೂ ಕೈ ಬಿಗಿಹಿಡಿದಿರಲಿಲ್ಲ.

ಟೇಪು ಓಡತೊಡಗಿದ್ದೇ ಶಿವಾನಂದ ಬೆಚ್ಚಿದ. “ಏ, ಇದು ನಮ್ಮ ಮದುವಿ!”

“ಮತ್ತ? ಮಂದಿ ಮದುವಿ ತಂದು ಅಂಗಡ್ಯಾಗ ತೋರಸಬೇಕೇನು?”

ಊರವರ ಮದುವೆಗಳ ಗದ್ದಲದಲ್ಲಿ ಆ ಟೇಪನ್ನು ಇಬ್ಬರೂ ಈವರೆಗೆ ನೋಡಿರಲೇ ಇಲ್ಲ. ಮೊಯಿನ್ ಅದನ್ನು ನೀಲಿ ದೀಪದ ಯಂತ್ರಕ್ಕೆ ಇಳಿಸಿ, ಸುತ್ತ ಹೂವಿನ ಚೌಕಟ್ಟು ಕೂಡಿಸಿ ಓಡಿಸಿದ. ಪಟ್ಟಿಯ ಹುಡುಗರೂ ಬಂದು ಮುತ್ತಿದರು. ಪರದೆಯ ಮೇಲೆ ಶಿವಾನಂದ ತಾಳಿ ಹಿಡಿದು ಕೈ ಎತ್ತಿದ. ಅಕ್ಷತೆ ಎದ್ದಿತು. ಚಿತ್ರ ಒಮ್ಮೆ ಬಿಕ್ಕಳಿಸಿತು. ಮರುಕ್ಷಣ ನೋಡಿದರೆ ಮದುಮಗ ಕೈ ಒರೆಸಿಕೊಳ್ಳುತ್ತ ಪಕ್ಕದಲ್ಲಿ ಕೂತಿದ್ದ.

“ಅರೆ ಭಾಯ್, ಶಾದಿಚ್ ನೈ ಹುಯೀ!” ಎಂದು ಹುಡುಗನೊಬ್ಬ ಮದುವೆಯೇ ಆಗಲಿಲ್ಲವೆಂದು ತೀರ್ಪು ಕೊಟ್ಟ.

ಮೊಯಿನ್ ಮೂಲೆಯಿಂದ ಬೂದು ಬಣ್ಣದ ಇನ್ನೊಂದನ್ನು ಎಳೆದು ತಂದ. ದೀಪವಿಲ್ಲ, ಅಂದವಿಲ್ಲ, ಕಾರ್ಡೂ ಚಿಕ್ಕದು. ಆದರೆ ರ‍್ಯಾಮ್ ದುಪ್ಪಟ್ಟು. ವಿಡಿಯೊ ತುಂಬಿಡಲೆಂದೇ ಬೇರೊಂದು ಹಾರ್ಡ್ ಡಿಸ್ಕು. ಅದರಲ್ಲಿ ಒಂದೊಂದು ಕಾಳೂ ಬಿಡಿಬಿಡಿಯಾಗಿ ಇಳಿಯಿತು. ಕಾಳುಗಳ ನಡುವೆ ಶಿವಾನಂದನ ಕೈ ನಿಚ್ಚಳವಾಗಿ ಕಂಡಿತು.

ತಾಳಿ ಕಟ್ಟುವಾಗ ಆ ಕೈ ನಡುಗಿದ್ದು ಕುಮುದಾಳ ಕತ್ತಿಗೆ ಇನ್ನೂ ನೆನಪಿತ್ತು. ಎಷ್ಟು ಮೆತ್ತನೆಯ ಮನಸ್ಸಿನವರು ಎಂದು ತಂಗಿಯರ ಮುಂದೆಲ್ಲ ಹೇಳಿಕೊಂಡಿದ್ದಳು. ಈಗ ನೋಡಿದರೆ ಕೈ ನಡುಗುತ್ತಲೇ ಇಲ್ಲ! ತಾಳಿ ಹಿಡಿದ ಬೆರಳುಗಳಲ್ಲೇ ಒಂದನ್ನು ಬಿಡಿಸಿಕೊಂಡು ಮದುಮಗ ಅವಳ ತಲೆಯ ಮೇಲಿಂದ ಕ್ಯಾಮೆರಾದವನಿಗೆ ಸನ್ನೆ ಮಾಡುತ್ತಿದ್ದ: ಹತ್ತಿರ ಬಾ, ಬಲಕ್ಕೆ ಸರಿ, ಲೈಟು ಮೇಲೆತ್ತು. ಕಣ್ಣೂ ಅತ್ತಲೇ. ಮದುಮಗಳ ಕಡೆಗೆ ಅರೆನೋಟವೂ ಇಲ್ಲ.

ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಿವಾನಂದ ಮೊಯಿನ್‌ನ ತೋಳು ಜಗ್ಗಿ, “ಆ ನೀಲಿದೇ ಛಲೋ ಇತ್ತರಿ. ಅದನ್ನೇ ಕಟ್ರಿ,” ಎಂದು ಪಿಸುಗುಟ್ಟಿದ.

“ಯಾಕ? ಮಾಡಿದ್ದೆಲ್ಲಾ ನುಂಗಿ ಹಾಕ್ತೈತಿ ಅಂತೇನು?” ಕುಮುದಾಳ ದನಿಯಲ್ಲಿ ನಗೆಯಿರಲಿಲ್ಲ. “ಆ ಕೈ ನಡುಗಿದ್ದನ್ನ ನಾ ಎಷ್ಟ ಮಂದಿ ಮುಂದ ಹೇಳೀನಿ, ಗೊತ್ತೈತೇನು ನಿಮಗ?”

ಶಿವಾನಂದ ನೆಲ ನೋಡಿದ. “ಆ ಕ್ಯಾಮೆರಾದಂವ ಬರೇ ನಮ್ಮ ಮಾಮಾನ ತಲಿಮ್ಯಾಲಿನ ಪಟಗಾದ ವಿಡಿಯೊ ತಗ್ಯಾಕತ್ತಿದ್ದ, ಕುಮುದಾ. ನಿನ್ನ ಮಾರಿ ಪೂರಾ ಕತ್ತಲಾಗಿತ್ತು. ಹಂಗ ಹೋಗಿಬಿಟ್ಟಿದ್ರ ಮತ್ತ ಸಿಗ್ತಿತ್ತೇನು ಆ ಗಳಿಗಿ?”

ಅವಳು ಮೊಯಿನ್ ಕಡೆ ತಿರುಗಿ, “ಇನ್ನೊಮ್ಮೆ ಹಚ್ರಿ. ಸಾವಕಾಶ ಬಿಡ್ರಿ,” ಎಂದಳು.

ಕಾಳುಗಳು ಈ ಸಲ ತೇಲುತ್ತ ಇಳಿದವು. ಕುಮುದಾ ಪರದೆಯಲ್ಲಿ ಗಂಡನ ಕೈ ನೋಡುವುದನ್ನು ಬಿಟ್ಟು ತನ್ನನ್ನೇ ನೋಡಿಕೊಂಡಳು. ತಲೆ ತಗ್ಗಿಸಿ ಕೂತ ಮದುಮಗಳು ಓರೆಗಣ್ಣಿನಲ್ಲಿ ಆ ಬೆರಳನ್ನು ಗಮನಿಸಿದಳು. ಅದು ಕುಮುದಾಳಿಗೇ ಮರೆತುಹೋಗಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅವಳ ಗದ್ದ ಮೆಲ್ಲಗೆ ಮೇಲೆದ್ದು, ಕೂದಲೆಳೆಯಷ್ಟು ಬಲಕ್ಕೆ ಹೊರಳಿತು. ಮುಖದ ತುಂಬ ಬೆಳಕು ಬಿತ್ತು. ಹುಡುಗರು ಕೂಡ ಆಗ ನಗಲಿಲ್ಲ.

“ಇದನ್ನೇ ಕಟ್ರಿ,” ಎಂದಳು ಮೊಯಿನ್‌ಗೆ. ಆಮೇಲೆ, ಇನ್ನೂ ನೆಲವನ್ನೇ ನೋಡುತ್ತಿದ್ದ ಗಂಡನ ಕಡೆ ತಿರುಗಿದಳು.

“ತಾಳಿ ಕಟ್ಟೂಕಿಂತ ಮೊದಲ ನನ್ನ ಕೆಲಸಕ್ಕ ಹಚ್ಚೀರಲ್ರೀ!”