ವೇಗದ ಮಿತಿ

“ಎಂಬತ್ತರ ಮೇಲೆ ಓಡದಂಥ ಬಸ್ಸನ್ನ ಹಳ್ಳಕ್ಕೆ ಬೀಳಿಸ್ಬೇಕಾದ್ರೆ ಆ ಡ್ರೈವರ್ ಎಷ್ಟು ಕುಡಿದಿರ್ಬೇಕು?” ಬಸ್ಸಿನ ಮಾಲೀಕ ಗೋಡೆಯನ್ನು ಕೇಳುವವನಂತೆ ಕೇಳಿದ.

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಮೆಕ್ಯಾನಿಕ್ ಹೆಂಗಸು ತಲೆಯೆತ್ತಲಿಲ್ಲ. ಸತ್ತ ಡ್ರೈವರ್ ಅವಳ ಒಡಹುಟ್ಟಿದ ಅಣ್ಣ. ಹೆಂಡವನ್ನು ಮೂಸಿಯೂ ನೋಡಿದವನಲ್ಲ. ಮಾಲೀಕನಿಗೆ ಆ ನಂಟು ಗೊತ್ತಿರಲಿಲ್ಲ. ಹೆಚ್ಚು ಟ್ರಿಪ್ಪಿನ ಆಸೆಗೆ ವೇಗದ ಮಿತಿ ತೆಗೆಸಿದ್ದ ಎಂಜಿನ್ ಕಂಪ್ಯೂಟರಿನ ಪೆಟ್ಟಿಗೆಯನ್ನು ಅವನು ಬಸ್ಸಿನಿಂದ ಕಳಚಿ ತಂದಿದ್ದ. ನಾಳೆಯ ಅಪಘಾತದ ತಪಾಸಣೆಗೆ ಮುಂಚೆ ಅದರ ಆಪರೇಟಿಂಗ್ ಸಿಸ್ಟಂ ಪೂರ್ತಿ ಬದಲಾಗಿ, ಕಂಪನಿಯ ಮೂಲದ್ದು ಕೂರಬೇಕಿತ್ತು.

“ಹುಷಾರಮ್ಮ. ಮಧ್ಯದಲ್ಲಿ ಕರೆಂಟ್ ಹೋದ್ರೆ?”

“ಪೆಟ್ಟಿಗೆ ಸತ್ತ ಹಾಗೇ ಸಾರ್. ಆ ಬ್ರಹ್ಮ ಬಂದ್ರೂ ಏಳ್ಸಕ್ಕಾಗಲ್ಲ.”

ಕೆಲಸ ಅರ್ಧಕ್ಕೆ ಬಂತು. ಅವಳ ಬೆರಳು ಕರೆಂಟಿನ ಸ್ವಿಚ್ಚಿನ ಮೇಲೆ ಹೋಗಿ ಕೂತಿತು. ಒಮ್ಮೆ ಒತ್ತಿದರೆ ಸಾಕು, ನಾಳೆ ಸತ್ತ ಪೆಟ್ಟಿಗೆ ಹಿಡಿದು ಇವನು ಬಾಯಿ ಬಾಯಿ ಬಿಡಬೇಕು. ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದು ಕೈ ಹಿಂದಕ್ಕೆಳೆದುಕೊಂಡಳು.

“ಮುಗೀತು ಸಾರ್. ಮೂಲದ್ದೇ ಕೂತಿದೆ.”

ಮಾಲೀಕ ಮುಖ ಒರೆಸಿಕೊಂಡ. “ಕೈಗುಣ ಅಂದ್ರೆ ಇದು! ಹಳೇದು ಪೂರ್ತಿ ಹೋಯ್ತು ತಾನೆ?”

“ಪೆಟ್ಟಿಗೆಯಿಂದ ಹೋಯ್ತು. ಹೊಸದು ಹಾಕೋ ಮುಂಚೆ ಹಳೇದನ್ನ ಲ್ಯಾಪ್‌ಟಾಪಲ್ಲಿ ತೆಗೆದಿಟ್ಕೊಳ್ಳೋದು ನಮ್ಮ ಪದ್ಧತಿ. ಬಸ್ಸಿನ ನಂಬರು, ನೀವು ಮಿತಿ ತೆಗೆಸಿದ ತಾರೀಖು, ಎಲ್ಲಾ ಇಲ್ಲಿದೆ.”

ಅವನು ಕೈಮುಗಿದ. “ಅಳಿಸ್ಬಿಡು ತಂಗಿ. ನಿನ್ನ ಅಣ್ಣ ಅಂದ್ಕೊಂಡು ಅಳಿಸ್ಬಿಡು.”

“ನನ್ನ ಅಣ್ಣ ನಿಮ್ಮ ಬಸ್ಸಲ್ಲೇ ಸತ್ತ. ಅಳಿಸಲ್ಲ.”