ದೀಪದ ಬೆಳಕು ಕುಡಿಯುವ ಲೆನ್ಸ್

ದುಪಟ್ಟಾದಲ್ಲಿ ಸುತ್ತಿದ್ದ ಕ್ಯಾಮೆರಾವನ್ನು ಗಾಜಿನ ಕಪಾಟಿನ ಮೇಲಿಟ್ಟು ಸೌಭಾಗ್ಯ ಒಂದೇ ಉಸಿರಿಗೆ ಅಂದಳು: “ಎಣ್ಣಿ ದೀಪದ ಬೆಳಕಿನ್ಯಾಗ ವಿಡಿಯೋ ಬರಬೇಕ್ರಿ. ಬ್ಯಾರೆ ಲೈಟ್ ಹಾಕೂಹಂಗಿಲ್ಲ. ಇವತ್ತ ಸಂಜೀಕ.”

ಶಹಾಪುರದ ಬಸ್‌ಸ್ಟ್ಯಾಂಡ್ ಎದುರು ಚಾಂದಪಾಶಾನ ಸ್ಟುಡಿಯೋ. ಅವನು ಕ್ಯಾಮೆರಾ ತಿರುಗಿಸಿ ನೋಡಿದ. ಮಿರರ್‌ಲೆಸ್, ಲೆನ್ಸ್ ಬದಲಿಸಬಹುದಾದದ್ದು. ಸೋದರಮಾವನ ಮಗ ಹೊಸದು ಕೊಂಡಾಗ ಇವಳಿಗೆ ಬಿಟ್ಟುಕೊಟ್ಟದ್ದು.

“ಕ್ಯಾಮೆರಾ ಛಲೋ ಅದ. ಇದರ ಜೋಡಿ ಬಂದ ಲೆನ್ಸ್ ಅದಲ್ಲ, ಅದಕ್ಕ ಇರುಳಗುರುಡು. ದೀಪದಾಗ ತಗದ್ರ ಮಾರಿ ಮ್ಯಾಲ ರವಾ ಚೆಲ್ಲಿದಂಗ ಕಾಣತದ. ಏನ್ ಕಾರ್ಯ ಅದ ತಂಗಿ?”

“ನಮ್ಮ ಆಯಿನ್ನ ಕುರ್ಚಿ ಮ್ಯಾಲ ಕೂಡಿಸಬೇಕಾಗ್ಯದ್ರಿ.”

ಅವನ ಕೈ ನಿಂತಿತು. ಇವಳ ಮನೆತನದಂಥ ಲಿಂಗಾಯತ ಮನೆಗಳಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟು ಕೂಡಿಸುತ್ತಾರೆ. ಕೊನೆಯ ಫೋಟೊ ತೆಗೆಸುತ್ತಾರೆ. ಅಂಥವು ಎಷ್ಟನ್ನೋ ಅವನೇ ತೆಗೆದಿದ್ದ.

“ನಿಮ್ಮಜ್ಜಿ ಗುರುಲಿಂಗಮ್ಮಾರನ್ನ?” ದನಿ ತಗ್ಗಿತು. “ದೊಡ್ಡ ಜೀವ. ಮನಿ ಮಂದಿ ಎಲ್ಲದಾರ?”

“ಅಬ್ಬೆತುಮಕೂರ ಮಠಕ್ಕ ಹೋಗ್ಯಾರ್ರಿ. ಅವರು ಬರೂದ್ರೊಳಗ ಆಗಬೇಕು.”

ಅವನು ಮತ್ತೇನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೇಳಿದ್ದಕ್ಕಿಂತ ಒಂದು ಮಾತು ಹೆಚ್ಚಾದರೂ ಕಿವಿ ಕೆಂಪಾಗುವ ಹುಡುಗಿ ಅವಳು. ಪದವಿ ಮುಗಿಸಿದರೂ ಅದು ಹೋಗಿರಲಿಲ್ಲ.

ಚಾಂದಪಾಶಾ ಎರಡು ಲೆನ್ಸ್ ತೆಗೆದಿಟ್ಟ. “ಇದು ಹೊಸಾದು. ಫೋಕಸ್ ತಾನ ಮಾಡ್ಕೋತದ, ಆದ್ರ ಇದರ ರೊಕ್ಕದಾಗ ಒಂದ ಎಮ್ಮಿ ಬರತದ. ಇದು ರೀಲಿನ ಕಾಲದ್ದು. ಫಿಫ್ಟಿ, ಒಂದು ಪಾಯಿಂಟ್ ನಾಕು. ಕಣ್ಣು ನೋಡು, ಬಾವಿ ಇದ್ದಂಗ ಅದ. ಇದ್ದಬದ್ದ ಬೆಳಕೆಲ್ಲ ಕುಡೀತದ. ನಿನ್ನ ಕ್ಯಾಮೆರಾಕ್ಕ ಸೀದಾ ಕೂಡಂಗಿಲ್ಲ, ನಡುವ ಈ ಅಡಾಪ್ಟರ್ ರಿಂಗ್ ಹಾಕಬೇಕು. ಫೋಕಸ್ ಕೈಲೆ ತಿರುವಬೇಕು. ಪೂರ್ತಿ ತೆರದಿ ಅಂದ್ರ, ಕಣ್ಣು ಸಾಫ್ ಬಂದ್ರ ಕಿವಿ ಮಸಕು.”

“ಸ್ವಲ್ಪ ಅಲ್ಲಾಡಿದ್ರ?”

“ಅವರೇನು ಅಲ್ಲಾಡತಾರವಾ,” ಎಂದ ಚಾಂದಪಾಶಾ, ಮೆಲ್ಲಗೆ.

“ಅಲ್ಲಾಡಬಾರ್ದ್ರಿ,” ಎಂದಳು ಸೌಭಾಗ್ಯ, ಇನ್ನೂ ಮೆಲ್ಲಗೆ.

ಹಳೆಯದನ್ನೇ ಆರಿಸಿದಳು. ಕೊಟ್ಟಷ್ಟು ದುಡ್ಡನ್ನು ಅವನು ಎಣಿಸದೆ ಗಲ್ಲಾಪೆಟ್ಟಿಗೆಗೆ ಹಾಕಿಕೊಂಡ.

ಅಜ್ಜಿಯ ಕೋಣೆಗೆ ಕಿಟಕಿಯಿಲ್ಲ. ಗೋಡೆಯ ಮೇಲೆ ಅಜ್ಜಿಯ ಗಂಡ ಮುತ್ಯಾನ ಕೊನೆಯ ಫೋಟೊ. ಪರವೂರಿನ ಯಾರೋ ಬಂದು ಮುಖದ ಮೇಲೆಯೇ ಫ್ಲ್ಯಾಶ್ ಹೊಡೆದಿದ್ದ. ಪೂರ್ತಿ ಮುಚ್ಚದ ರೆಪ್ಪೆಗಳ ಸಂದಿಯಲ್ಲಿ ಬೆಳಕು ಸಿಕ್ಕಿಕೊಂಡು ಎರಡು ಬಿಳಿ ಗೀರಾಗಿತ್ತು. ಸುಣ್ಣ ಬಳಿದಂಥ ಮುಖ. ಎಲ್ಲಿ ನಿಂತರೂ ಆ ಗೀರುಗಳು ನೋಡುತ್ತಿದ್ದವು. ಮುತ್ಯಾ ಹೇಗೆ ನಗುತ್ತಿದ್ದನೆಂದು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕಣ್ಣು ಮುಚ್ಚಿದರೆ ಆ ಫೋಟೊವೇ ಬರುತ್ತದೆ.

“ನನ್ನ ಅವನಂಗ ಮಾಡಬ್ಯಾಡವಾ.” ಅಜ್ಜಿ ಇದನ್ನು ಹೇಳಿದ್ದು ಸೌಭಾಗ್ಯಳೊಬ್ಬಳಿಗೇ. ಇವತ್ತು ಚಿತ್ರ ಕೆಟ್ಟರೆ ಅಜ್ಜಿಯೂ ಅದೇ ಗೋಡೆ ಸೇರಿ ಹಾಗೆಯೇ ನೋಡುತ್ತಾಳೆ.

ಅಜ್ಜಿ ಕುರ್ಚಿಯಲ್ಲಿದ್ದಳು. ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ. ಸೌಭಾಗ್ಯ ಸೆರಗು ತೀಡಿದಳು. ಗದ್ದವನ್ನು ಬೆರಳಿನಿಂದ ಕೊಂಚ ಎತ್ತಿದಳು. ಎರಡೂ ಬದಿ ದೀಪ ಹಚ್ಚಿ ಬಾಗಿಲು ಮುಂದಕ್ಕೆ ಮಾಡಿದಳು.

ಲೆನ್ಸ್ ನಿಜಕ್ಕೂ ಬೆಳಕು ಕುಡಿಯಿತು. ಬರಿಗಣ್ಣಿಗೆ ಕಾಣದ್ದೂ ಸ್ಕ್ರೀನಿನಲ್ಲಿ ಕಂಡಿತು. ಕೆನ್ನೆಯ ಸುಕ್ಕು, ಗದ್ದದ ಹಸಿರು ಹಚ್ಚೆ. ಆದರೆ ಫೋಕಸ್ ತಿರುವಿದಾಗಲೆಲ್ಲ ಲೆನ್ಸೇ ಕದಲುತ್ತಿತ್ತು. ಅಜ್ಜಿಯ ಮುಖ ಕರಗಿ ಹಿಂದಿನ ಗೋಡೆಯಿಂದ ಮುತ್ಯಾ ತೇಲಿ ಬರುತ್ತಿದ್ದ. ಮತ್ತೆ ಅಜ್ಜಿ. ಮತ್ತೆ ಮುತ್ಯಾ. ಸೌಭಾಗ್ಯಳ ಬೆನ್ನು ಬೆವತಿತು.

ಬಾಗಿಲು ಬಡಿದ ಸದ್ದು.

ಚಾಂದಪಾಶಾ. “ಆ ರಿಂಗ್ ಸಡಲ ಅದ ತಂಗಿ, ನೀ ಹೋದ ಮ್ಯಾಲ ನೆನಪಾತು. ಇದು ಗಟ್ಟಿ ಕೂಡತದ.” ಇನ್ನೊಂದು ಕೈಯಲ್ಲಿ ಸೇವಂತಿಗೆ ಹಾರ.

ಹೇಳಬೇಕೆಂದು ಬಾಯಿ ತೆರೆದಳು. ಹಾರ ನೋಡಿದಳು. ಅಷ್ಟರಲ್ಲಿ ಅವನು ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ.

ರಿಂಗ್ ಬದಲಾಯಿತು. ಈಗ ಮುಖ ನಿಂತಿತು. ಮುತ್ಯಾ ಹಿಂದಿನ ಕತ್ತಲಲ್ಲಿ ಕರಗಿಹೋದ. ದೀಪಗಳು ಎರಡು ದುಂಡನೆಯ ಹೊಂಬಣ್ಣವಾದವು. ನಡುವೆ ಅಜ್ಜಿ, ನಿದ್ದೆಯಲ್ಲಿ ಏನೋ ಒಳ್ಳೆಯದನ್ನು ಕಂಡವಳಂತೆ. ಸೌಭಾಗ್ಯ ಬಟನ್ ಒತ್ತಿದಳು.

ಸ್ಕ್ರೀನಿಗೆ ಬಾಗಿದ್ದ ಚಾಂದಪಾಶಾ ತಟ್ಟನೆ ಹಿಂದೆ ಸರಿದ.

“ತಂಗಿ... ರೆಪ್ಪಿ...”

“ದೀಪ ಅಲ್ಲಾಡ್ಯದ್ರಿ.”

ಕೋಣೆಯಲ್ಲಿ ಗಾಳಿಯೇ ಇರಲಿಲ್ಲ. ಅವನು ಅವಳ ಮುಖ ನೋಡಿದ. ಆಮೇಲೆ ಹಾರ ಹಿಡಿದು ಕುರ್ಚಿಯತ್ತ ನಡೆದ, ನೆಲ ನೋಡುತ್ತ, ಅಜ್ಜಿಯನ್ನು ನೋಡದೆ. ಅದನ್ನು ಕೊರಳಿಗೆ ಹಾಕಿದ. ಪಾದದ ಹತ್ತಿರ ಕುಸಿದು ಕೂತ.

“ನಮ್ಮ ಅಮ್ಮಿ ದವಾಖಾನಿ ಸೇರಿದಾಗ ನಮಗೆಲ್ಲ ರೊಟ್ಟಿ ಬಡದು ಕಳಿಸಿದ ಕೈ ಇವು,” ಎಂದ. ಹೆಗಲು ಕುಲುಕತೊಡಗಿತು.

ಸ್ಕ್ರೀನಿನಲ್ಲಿ ಹಾರ, ಮುಚ್ಚಿದ ಕಣ್ಣು, ಪಾದದ ಬಳಿ ಅಳುವ ಮನುಷ್ಯ. ಎಲ್ಲವೂ ಆ ದಿನ ಹೇಗಿರುತ್ತದೋ ಹಾಗೆಯೇ ಇತ್ತು. ಸೌಭಾಗ್ಯಳಿಗೂ ತಡೆಯಲಾಗಲಿಲ್ಲ. ಕ್ಯಾಮೆರಾ ಹಿಡಿದುಕೊಂಡೇ ಬಿಕ್ಕಿದಳು.

“ಅಳೂದು ಆಮ್ಯಾಲ ಇದ್ದೇ ಅದ,” ಎಂದಳು ಅಜ್ಜಿ, ಕಣ್ಣು ತೆರೆಯದೆ. “ಮೊದ್ಲ ತೋರಸ್ರಿ, ಹೆಂಗ ಬಂದದ. ಖರೇ ಹೋದ ದಿನ ನಾ ನೋಡಾಕ ಬರತೀನೇನು?”